ಸೆವಿಲ್ಲೆ, ಕಾರ್ಡೊಬಾ, ಗ್ರನಾಡಾ: ನಾಲ್ಕು ರಾತ್ರಿಗೆ ಯಾವ ಊರು?

ಸ್ಪೇನಿಗೆ ಹೊರಟವರು ಮ್ಯಾಡ್ರಿಡ್, ಬಾರ್ಸಿಲೋನಾಗಳನ್ನು ಬೇಗ ಗೊತ್ತುಮಾಡಿಕೊಳ್ಳುತ್ತಾರೆ. ಗೊಂದಲ ಶುರುವಾಗುವುದು ದಕ್ಷಿಣದ ಆಂಡಲೂಸಿಯಾದ ಮಾತು ಬಂದಾಗ. “ಉಳಿದಿರುವುದು ನಾಲ್ಕೇ ರಾತ್ರಿ. ಸೆವಿಲ್ಲೆಯೋ, ಕಾರ್ಡೊಬಾವೋ, ಗ್ರನಾಡಾವೋ? ಅಮ್ಮನಿಗೆ ಮಂಡಿನೋವು, ನಾವು ಮಾಂಸ ತಿನ್ನುವುದಿಲ್ಲ, ಆದರೆ ಒಂದು ಹಬ್ಬವನ್ನಾದರೂ ನೋಡಬೇಕು” ಎಂಬ ಧಾಟಿಯ ಪತ್ರಗಳು ನನಗೆ ಜನವರಿಯಿಂದಲೇ ಬರತೊಡಗುತ್ತವೆ. ಮೂರನ್ನೂ ಮುಟ್ಟಿ ಬನ್ನಿ ಎಂದು ಹೇಳಿ ಕೈತೊಳೆದುಕೊಳ್ಳಬಹುದು. ಆದರೆ ನಾಲ್ಕು ರಾತ್ರಿಗೆ ಮೂರು ಊರೆಂದರೆ ಪೆಟ್ಟಿಗೆ ಕಟ್ಟಿ ಬಿಚ್ಚುವುದರಲ್ಲೇ ಅರ್ಧ ಪ್ರವಾಸ ಮುಗಿಯುತ್ತದೆ. ಒಂದು ಊರನ್ನು ನೆಲೆಯಾಗಿ ಆರಿಸಿಕೊಂಡು, ಬೇಕಿದ್ದರೆ ಇನ್ನೊಂದಕ್ಕೆ ಹಗಲು ಹೋಗಿ ಬರುವುದು ಮೇಲು. ಆ ಒಂದು ಊರು ಯಾವುದು ಎಂಬುದೇ ಈಗಿನ ಪ್ರಶ್ನೆ.

ಯಾವುದರಿಂದ ತೂಗಬೇಕು?

ನಾನು ಐದು ಸಂಗತಿಗಳನ್ನು ನೋಡುತ್ತೇನೆ. ಊರಿನ ಮುಖ್ಯ ಸ್ಮಾರಕ ಮತ್ತು ಅದರಾಚೆಗೆ ನೋಡಲು ಏನಿದೆ; ಹಬ್ಬದಲ್ಲಿ ಹೊರಗಿನಿಂದ ಬಂದವರಿಗೆ ಜಾಗ ಇದೆಯೇ; ಸಸ್ಯಾಹಾರಿಗಳಿಗೆ ಊಟ ಹೇಗೆ; ಬಿಸಿಲನ್ನೂ ಏರು ಹಾದಿಯನ್ನೂ ದೇಹ ತಾಳುತ್ತದೆಯೇ; ಕೊನೆಗೆ, ಖರ್ಚು. ಇವುಗಳಲ್ಲಿ ಎರಡನೆಯದಕ್ಕೆ ನನ್ನಲ್ಲಿ ತೂಕ ಹೆಚ್ಚು. ಅರಮನೆ ಯಾವ ತಿಂಗಳು ಹೋದರೂ ಅಲ್ಲೇ ಇರುತ್ತದೆ. ಹಬ್ಬ ಹಾಗಲ್ಲ, ಅದಕ್ಕೆಂದೇ ರಜೆ ಹಾಕಿ, ಹಣ ಸುರಿದು ಹೋಗಿ, ಬಾಗಿಲ ಹೊರಗೆ ನಿಂತು ಮರಳಿದವರನ್ನು ನಾನು ಕಂಡಿದ್ದೇನೆ.

ಇತಿಹಾಸದ ಲೆಕ್ಕದಲ್ಲಿ ಮೂರೂ ಒಂದೇ ಕಥೆಯ ಮೂರು ಅಧ್ಯಾಯಗಳು. ಕ್ರಿ.ಶ. 711ರಲ್ಲಿ ಉತ್ತರ ಆಫ್ರಿಕಾದಿಂದ ಬಂದ ಮುಸ್ಲಿಮ್ ಸೇನೆ ಈ ನೆಲವನ್ನು ಗೆದ್ದಿತು. ಕಾರ್ಡೊಬಾ ಮೊದಲು ರಾಜಧಾನಿಯಾಗಿ ಬೆಳಗಿತು. 1236ರಲ್ಲಿ ಅದು, 1248ರಲ್ಲಿ ಸೆವಿಲ್ಲೆ ಕ್ರೈಸ್ತ ದೊರೆ ಮೂರನೆಯ ಫರ್ನಾಂಡೊನ ವಶವಾದವು. ಗ್ರನಾಡಾ ಮಾತ್ರ 1492ರ ಜನವರಿ 2ರವರೆಗೂ ಉಳಿಯಿತು. ಹಾಗಾಗಿ ಎಂಟರಿಂದ ಹತ್ತನೆಯ ಶತಮಾನದ ಕೆಲಸ ನೋಡಬೇಕಾದರೆ ಕಾರ್ಡೊಬಾಕ್ಕೆ ಹೋಗಬೇಕು, ಹದಿನಾಲ್ಕನೆಯ ಶತಮಾನದ ನಾಜೂಕು ಕಾಣಬೇಕಾದರೆ ಗ್ರನಾಡಾಕ್ಕೆ. ಎರಡು ಧರ್ಮಗಳ ಕೈಚಳಕ ಒಂದರ ಮೇಲೊಂದು ಕೂತದ್ದನ್ನು, ಅದರ ಮೇಲೆ ಅಮೆರಿಕದಿಂದ ಹರಿದುಬಂದ ಸಂಪತ್ತನ್ನು ಒಟ್ಟಿಗೆ ನೋಡಬೇಕಾದರೆ ಸೆವಿಲ್ಲೆ.

ಸೆವಿಲ್ಲೆ: ಬೀದಿಯೇ ಗುಡಿಯಾಗುವ ಊರು

ಮೂರರಲ್ಲಿ ದೊಡ್ಡದು ಇದೇ. ನೆಲ ಸಮತಟ್ಟು, ಟ್ರಾಮ್, ಬಸ್‌ಗಳಿವೆ, ಹೋಟೆಲುಗಳ ಆಯ್ಕೆ ಹೆಚ್ಚು. ಮ್ಯಾಡ್ರಿಡ್‌ನಿಂದ 1992ರಲ್ಲಿ ಶುರುವಾದ ವೇಗದ ರೈಲಿನಲ್ಲಿ ಎರಡೂವರೆ ಗಂಟೆ. ಇಲ್ಲಿನ ಕೆಥೆಡ್ರಲ್ ಗಾಥಿಕ್ ಶೈಲಿಯ ಚರ್ಚುಗಳಲ್ಲಿ ಜಗತ್ತಿನಲ್ಲೇ ಅತಿ ದೊಡ್ಡದು. ಹಳೆಯ ಮಸೀದಿಯ ಜಾಗದಲ್ಲಿ ಅದನ್ನು ಕಟ್ಟಲು 1401ರಲ್ಲಿ ತೀರ್ಮಾನವಾಯಿತು, ಮುಗಿಯಲು ನೂರು ವರ್ಷ ಹಿಡಿಯಿತು. ಮಸೀದಿಯ ಮಿನಾರನ್ನು ಕೆಡವದೆ ಗಂಟೆಗೋಪುರ ಮಾಡಿಕೊಂಡರು; ಅದೇ ಹಿರಾಲ್ಡಾ. ನೂರು ಮೀಟರಿಗೂ ಎತ್ತರವಾದ ಆ ಗೋಪುರದೊಳಗೆ ಮೆಟ್ಟಿಲುಗಳ ಬದಲು ಸುತ್ತಿ ಸುತ್ತಿ ಏರುವ ಇಳಿಜಾರು ಹಾದಿ ಇದೆ. ಅಜಾನ್ ಕೂಗುವವನು ಕುದುರೆಯ ಮೇಲೇ ಮೇಲೇರಲಿ ಎಂದು ಹಾಗೆ ಮಾಡಿದರೆಂದು ಹೇಳುತ್ತಾರೆ. ಮೆಟ್ಟಿಲು ಹತ್ತಲಾಗದ ಹಿರಿಯರು ನಿಧಾನವಾಗಿ, ನಡುನಡುವೆ ಕಿಟಕಿಯ ಬಳಿ ನಿಂತು ಉಸಿರು ತೆಗೆದುಕೊಂಡು ಬಹುತೇಕ ತುದಿಯವರೆಗೂ ಹೋಗಬಹುದು.

ಎದುರಿಗೇ ಅಲ್ಕಾಸರ್ ಅರಮನೆ. ಕ್ರೈಸ್ತ ದೊರೆ ಪೆಡ್ರೊ 1360ರ ದಶಕದಲ್ಲಿ ಗ್ರನಾಡಾದ ಮುಸ್ಲಿಮ್ ಕುಶಲಕರ್ಮಿಗಳನ್ನೂ ಸೇರಿಸಿಕೊಂಡು ಕಟ್ಟಿಸಿದ್ದು. ಗೋಡೆಯ ಮೇಲೆ ಅರಬ್ಬಿ ಲಿಪಿ, ಕೂರುತ್ತಿದ್ದವನು ಕ್ರೈಸ್ತ ಅರಸ. ಅದರ ಒಂದು ಭಾಗ ಇಂದಿಗೂ ರಾಜಮನೆತನದ ವಾಸಸ್ಥಾನ. ಇವೆರಡರ ಜೊತೆಗೆ ಇಂಡೀಸ್ (ಅಮೆರಿಕ ಮೊದಲಾದೆಡೆಯ ಸ್ಪೇನಿನ ಹಳೆಯ ವಸಾಹತುಗಳು) ದಾಖಲೆಗಳ ಭಂಡಾರವೂ ಸೇರಿ 1987ರಲ್ಲಿ ಯುನೆಸ್ಕೊ ಪಟ್ಟಿಗೆ ಬಂದವು. 1929ರ ಪ್ರದರ್ಶನಕ್ಕೆಂದು ಕಟ್ಟಿದ ಪ್ಲಾಸಾ ದೆ ಎಸ್ಪಾನ್ಯಾಗೆ ಟಿಕೆಟ್ ಬೇಡ. ಸಂಜೆ ಅಲ್ಲಿ ಕೂತು ಬನ್ನಿ.

ಈಗ ಹಬ್ಬಕ್ಕೆ ಬರೋಣ. ಸೆವಿಲ್ಲೆಯಲ್ಲಿ ಎರಡು ದೊಡ್ಡ ಹಬ್ಬಗಳಿವೆ, ಹೊರಗಿನವರಿಗೆ ಎರಡೂ ಒಂದೇ ಅಲ್ಲ. ಈಸ್ಟರಿಗೆ ಮುಂಚಿನ ವಾರ ಸೆಮಾನಾ ಸಾಂತಾ, ಅಂದರೆ ಪವಿತ್ರ ವಾರ. ಊರಿನ ಭಕ್ತಸಂಘಗಳು ತಮ್ಮ ತಮ್ಮ ಚರ್ಚಿನಿಂದ ಕ್ರಿಸ್ತನ, ಮೇರಿಯ ಮೂರ್ತಿಗಳನ್ನು ಉತ್ಸವಮಂಟಪದಲ್ಲಿಟ್ಟು ಹೊತ್ತು ಕೆಥೆಡ್ರಲ್‌ಗೆ ಹೋಗಿ ಹಿಂತಿರುಗುತ್ತವೆ. ಕೆಲವಕ್ಕೆ ಹತ್ತು ಗಂಟೆಗೂ ಹೆಚ್ಚು ಹೊತ್ತು ಹಿಡಿಯುತ್ತದೆ. ಮಂಟಪದ ಕೆಳಗೆ, ಪರದೆಯೊಳಗೆ ಮೂವತ್ತು ನಲವತ್ತು ಮಂದಿ ಕತ್ತಿನ ಹಿಂಭಾಗದ ಮೇಲೆ ಭಾರ ಹೊತ್ತಿರುತ್ತಾರೆ, ಅವರ ಕಣ್ಣಿಗೆ ದಾರಿ ಕಾಣುವುದಿಲ್ಲ. ಮುಂದಿರುವ ನಾಯಕ ಮಂಟಪದ ಲೋಹದ ಬಡಿಗೆಯನ್ನು ಬಡಿಯುತ್ತಿದ್ದಂತೆ ಎಲ್ಲರೂ ಒಮ್ಮೆಲೇ ಮೇಲೇಳುತ್ತಾರೆ. ಪಲ್ಲಕ್ಕಿ ಉತ್ಸವ ನೋಡಿ ಬೆಳೆದವರಿಗೆ ಆ ಕ್ಷಣವನ್ನು ವಿವರಿಸಬೇಕಿಲ್ಲ. ಚೂಪು ಟೋಪಿ, ಮುಖ ಮುಚ್ಚಿದ ನಿಲುವಂಗಿ ತೊಟ್ಟವರನ್ನು ಕಂಡು ಬೆದರಬೇಡಿ. ಅದು ಪಾಪನಿವೇದನೆಯ ಉಡುಪು. ಅಮೆರಿಕದ ಜನಾಂಗದ್ವೇಷಿಗಳ ವೇಷಕ್ಕಿಂತ ಶತಮಾನಗಳಷ್ಟು ಹಳೆಯದು, ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ನನ್ನ ಕಣ್ಣಿಗೆ ಕಟ್ಟಿದ್ದು ಮಂಟಪವಲ್ಲ, ಮಕ್ಕಳು. ಮೆರವಣಿಗೆ ನಿಂತಾಗಲೆಲ್ಲ ಬದಿಯಲ್ಲಿರುವ ಮಗು ಕೈಯಲ್ಲೊಂದು ಮೇಣದ ಉಂಡೆ ಹಿಡಿದು ಮುಂದೆ ಚಾಚುತ್ತದೆ. ನಿಲುವಂಗಿಯವರು ತಮ್ಮ ಉದ್ದನೆಯ ಮೇಣದಬತ್ತಿಯನ್ನು ವಾಲಿಸಿ ಅದರ ಮೇಲೆ ನಾಲ್ಕು ಹನಿ ಬೀಳಿಸುತ್ತಾರೆ. ವರ್ಷದಿಂದ ವರ್ಷಕ್ಕೆ ಉಂಡೆ ದಪ್ಪವಾಗುತ್ತಾ ಹೋಗುತ್ತದೆ. ಇದಕ್ಕೆ ಟಿಕೆಟ್ ಇಲ್ಲ, ಆಹ್ವಾನ ಬೇಕಿಲ್ಲ. ಬೀದಿಯ ಮೂಲೆಯಲ್ಲಿ ನಿಲ್ಲುವ ತಾಳ್ಮೆಯೊಂದು ಸಾಕು. ಗುರುವಾರ ರಾತ್ರಿಯಿಂದ ಶುಕ್ರವಾರ ಬೆಳಗಿನವರೆಗಿನ ‘ಮದ್ರುಗಾ’ ಈ ವಾರದ ತುತ್ತತುದಿ. ಮಳೆ ಬಂದರೆ ಮಾತ್ರ ಮೆರವಣಿಗೆ ಹೊರಡುವುದಿಲ್ಲ. ವರ್ಷವಿಡೀ ಕಾದವರು ಚರ್ಚಿನ ಬಾಗಿಲಲ್ಲಿ ಅಳುವುದನ್ನು ಆಗ ನೋಡುತ್ತೀರಿ.

ಈಸ್ಟರ್ ಕಳೆದು ಸಾಮಾನ್ಯವಾಗಿ ಎರಡು ವಾರಕ್ಕೆ ಫೇರಿಯಾ ಜಾತ್ರೆ. 1847ರಲ್ಲಿ ದನಗಳ ಜಾತ್ರೆಯಾಗಿ ಹುಟ್ಟಿದ್ದು ಈಗ ಕುದುರೆಗಾಡಿ, ಕುಣಿತ, ಚುಕ್ಕೆ ಲಂಗಗಳ ಸಂಭ್ರಮ. ಚಿತ್ರಗಳಲ್ಲಿ ಇದೇ ಹೆಚ್ಚು ಚೆಂದ. ಆದರೆ ಅಲ್ಲಿ ಹಾಕುವ ಸಾವಿರಕ್ಕೂ ಹೆಚ್ಚು ಡೇರೆಗಳಲ್ಲಿ ಬಹುಪಾಲು ಮನೆತನಗಳ, ಗೆಳೆಯರ ಗುಂಪುಗಳ, ಸಂಘಗಳ ಖಾಸಗಿ ಡೇರೆಗಳು. ಒಳಗೆ ಪರಿಚಯದವರಿಲ್ಲದೆ ಬಾಗಿಲು ದಾಟುವಂತಿಲ್ಲ. ಸಾರ್ವಜನಿಕ ಡೇರೆಗಳು ಇವೆ, ಕಿಕ್ಕಿರಿದಿರುತ್ತವೆ. ಜಾತ್ರೆಯ ದಿನಗಳಲ್ಲೇ ಗೂಳಿ ಕಾಳಗವೂ ನಡೆಯುತ್ತದೆ. ಮನಸ್ಸು ಒಪ್ಪದವರು ಆ ಕಡೆ ಹೋಗದಿದ್ದರಾಯಿತು. ಸೆವಿಲ್ಲೆಯಲ್ಲಿ ಗೆಳೆಯರಿಲ್ಲದವರು ಎರಡರಲ್ಲಿ ಒಂದನ್ನು ಆರಿಸುವುದಾದರೆ ಪವಿತ್ರ ವಾರವನ್ನೇ ಆರಿಸಿ.

ಅದಕ್ಕೆ ತೆರಬೇಕಾದ ಬೆಲೆಯೂ ಇದೆ. ಆ ವಾರ ಹೋಟೆಲ್ ದರ ಹಲವು ಪಟ್ಟು ಏರುತ್ತದೆ, ಕೆಥೆಡ್ರಲ್ ವೀಕ್ಷಣೆಯ ಸಮಯ ಮೊಟಕಾಗುತ್ತದೆ, ಸಂಜೆಯಾದರೆ ಬೀದಿ ದಾಟುವುದೇ ಕಷ್ಟ. ಸ್ಮಾರಕ, ಹಬ್ಬ ಎರಡನ್ನೂ ಒಂದೇ ವಾರದಲ್ಲಿ ತೃಪ್ತಿಯಾಗಿ ನೋಡುತ್ತೇವೆ ಎಂಬ ಆಸೆಯನ್ನು ಬಿಟ್ಟೇ ಹೋಗಬೇಕು.

ಕಾರ್ಡೊಬಾ: ಮನೆಯ ಬಾಗಿಲು ತೆರೆದಿಡುವ ಊರು

ಬಹಳಷ್ಟು ಜನ ಇಲ್ಲಿಗೆ ಬೆಳಿಗ್ಗೆ ರೈಲಿನಲ್ಲಿ ಬಂದು, ಮೆಸ್ಕೀತಾ ನೋಡಿ, ಸಂಜೆಗೆ ಮರಳುತ್ತಾರೆ. ಸೆವಿಲ್ಲೆಯಿಂದ ಮುಕ್ಕಾಲು ಗಂಟೆಯ ಹಾದಿಯಾದ್ದರಿಂದ ಅದು ಸಾಧ್ಯ. ಆದರೆ ಅದು ಈ ಊರಿಗೆ ಮಾಡುವ ಅನ್ಯಾಯ ಎಂದು ನಾನು ನಂಬಿದ್ದೇನೆ. ಹಗಲಿನ ಗುಂಪುಗಳು ಹೋದ ಮೇಲೆ ಬಿಳಿ ಗೋಡೆಗಳ ಓಣಿಗಳಲ್ಲಿ ನಿಮ್ಮ ಹೆಜ್ಜೆಯ ಸದ್ದು ನಿಮಗೇ ಕೇಳಿಸುತ್ತದೆ. ರೋಮನ್ ಸೇತುವೆಯ ಮೇಲೆ ನಿಂತರೆ ಗ್ವಾದಲ್‌ಕಿವೀರ್ ನದಿಯ ಗಾಳಿ ಬೀಸುತ್ತದೆ. ಒಂದು ರಾತ್ರಿಯಾದರೂ ಇಲ್ಲಿ ತಂಗಬೇಕು.

ಮೆಸ್ಕೀತಾ ಎಂದರೆ ಮಸೀದಿ. ಒಂದನೆಯ ಅಬ್ದ್ ಅಲ್ ರಹಮಾನ್ ಎಂಟನೆಯ ಶತಮಾನದ ಕೊನೆಯಲ್ಲಿ ಆರಂಭಿಸಿದ್ದನ್ನು ಮುಂದಿನವರು ಇನ್ನೂರು ವರ್ಷ ಹಿಗ್ಗಿಸುತ್ತಾ ಹೋದರು. ಇಂದಿಗೂ ಒಳಗೆ 856 ಕಂಬಗಳಿವೆ, ಅವುಗಳ ಮೇಲೆ ಕೆಂಪು ಬಿಳಿ ಪಟ್ಟೆಯ ಎರಡಂತಸ್ತಿನ ಕಮಾನುಗಳು. ಹದಿನಾರನೆಯ ಶತಮಾನದಲ್ಲಿ ಆ ಕಂಬಗಳ ಕಾಡಿನ ನಡುವೆಯೇ ಎತ್ತರದ ಚರ್ಚೊಂದನ್ನು ಎಬ್ಬಿಸಿದರು. ಇದನ್ನು ನೋಡುವಾಗ ನನ್ನೊಂದಿಗೆ ಕಲಬುರಗಿ ಇತ್ತು. ಅಲ್ಲಿನ ಕೋಟೆಯೊಳಗೆ 1367ರಲ್ಲಿ ಕಟ್ಟಿದ ಜಾಮಿ ಮಸೀದಿಗೆ ತೆರೆದ ಅಂಗಳವಿಲ್ಲ, ಇಡೀ ಕಟ್ಟಡಕ್ಕೆ ಮೇಲ್ಚಾವಣಿ, ಉದ್ದಕ್ಕೂ ಕಮಾನುಗಳ ಸಾಲು. ಅದನ್ನು ಕಾರ್ಡೊಬಾದ ಮಸೀದಿಗೆ ಹೋಲಿಸುವ ಮಾತು ಬಹುಕಾಲದಿಂದ ನಡೆದುಬಂದಿದೆ. ಕಲಬುರಗಿಯದನ್ನು ನೋಡದವರು ಸ್ಪೇನಿಗೆ ಹೊರಡುವ ಮುಂಚೆ ಒಮ್ಮೆ ನೋಡಿಬರಲಿ, ಇಲ್ಲಿ ಕಣ್ಣಿಗೆ ಹೆಚ್ಚು ಕಾಣಿಸುತ್ತದೆ.

ಭಾನುವಾರ ಬಿಟ್ಟು ಉಳಿದ ದಿನಗಳಲ್ಲಿ ಬೆಳಿಗ್ಗೆ 8.30ರಿಂದ ಒಂದು ಗಂಟೆ ಕಾಲ ಒಳಗೆ ಉಚಿತ ಪ್ರವೇಶದ ರೂಢಿ ಇದೆ. ಅಷ್ಟು ಬೇಗ ಬರುವುದು ಅಲ್ಲೇ ತಂಗಿದವರಿಗೆ ಮಾತ್ರ ಸುಲಭ, ಓರೆಬೆಳಕಿನಲ್ಲಿ ಕಂಬಗಳ ನಡುವೆ ಗದ್ದಲವಿಲ್ಲದೆ ನಿಲ್ಲುವ ಭಾಗ್ಯವೂ ಅವರದೇ. ಹೊರಡುವ ಮುನ್ನ ಸಮಯ ಬದಲಾಗಿದೆಯೇ ಎಂದು ನೋಡಿಕೊಳ್ಳಿ. ಹತ್ತಿರದಲ್ಲೇ 1315ರ ಪುಟ್ಟ ಯಹೂದಿ ಪ್ರಾರ್ಥನಾಮಂದಿರವಿದೆ. ತತ್ವಜ್ಞಾನಿಗಳಾದ ಇಬ್ನ್ ರುಶ್ದ್ ಮತ್ತು ಮೈಮೊನಿಡೀಸ್ ಇಬ್ಬರೂ ಹುಟ್ಟಿದ್ದು ಈ ಊರಿನಲ್ಲಿ. ಅರ್ಧ ದಿನ ಬಿಡುವಿದ್ದರೆ ಊರ ಹೊರಗಿನ ಮದೀನಾ ಅಸಹಾರಾಕ್ಕೆ ಹೋಗಿ ಬನ್ನಿ. ಹತ್ತನೆಯ ಶತಮಾನದಲ್ಲಿ ಖಲೀಫ ಕಟ್ಟಿಸಿದ ಅರಮನೆ ನಗರ, ನೂರು ವರ್ಷವೂ ಬಾಳಲಿಲ್ಲ.

ಮೇ ತಿಂಗಳ ಮೊದಲ ಎರಡು ವಾರ ಇಲ್ಲಿ ಪಾತಿಯೊ ಹಬ್ಬ. ಪಾತಿಯೊ ಎಂದರೆ ಮನೆಯ ನಡುವಿನ ಅಂಗಳ. ನಮ್ಮ ತೊಟ್ಟಿ ಮನೆಯ ಲೆಕ್ಕಾಚಾರವೇ ಇದರದ್ದೂ: ಹೊರಗೆ ದಪ್ಪ ಗೋಡೆ, ನಡುವೆ ಆಕಾಶಕ್ಕೆ ತೆರೆದ ಜಾಗ, ಅಲ್ಲೊಂದು ಬಾವಿ ಅಥವಾ ಕಾರಂಜಿ, ನೆರಳು, ಗಿಡ, ನೀರು ಆರುತ್ತಾ ಮನೆಯನ್ನು ತಂಪಾಗಿಡುತ್ತದೆ. ಯಾರ ಅಂಗಳ ಹೆಚ್ಚು ಚೆಂದ ಎಂಬ ಸ್ಪರ್ಧೆಯನ್ನು ನಗರಸಭೆ 1921ರಲ್ಲಿ ಶುರುಮಾಡಿತು, 2012ರಲ್ಲಿ ಯುನೆಸ್ಕೊ ಇದನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ದಿನಗಳಲ್ಲಿ ಜನ ವಾಸವಾಗಿರುವ ಮನೆಗಳ ಬಾಗಿಲು ಯಾರಿಗಾದರೂ ತೆರೆದಿರುತ್ತದೆ. ಟಿಕೆಟ್ ಇಲ್ಲ.

ಅಂಥದೊಂದು ಅಂಗಳದಲ್ಲಿ, ಸಂಜೆ ಬಾಗಿಲು ಮುಚ್ಚುವ ಹೊತ್ತಿಗೆ ನಾನು ಕೊನೆಯವಳಾಗಿ ಉಳಿದಿದ್ದೆ. ಎಪ್ಪತ್ತು ದಾಟಿದ ಅಜ್ಜಿ ಗೋಡೆಗೆ ಒರಗಿಸಿದ್ದ ಉದ್ದನೆಯ ಬಿದಿರಿನಂಥ ಕೋಲನ್ನು ಎತ್ತಿಕೊಂಡರು. ತುದಿಗೆ ಒಂದು ಹಳೆಯ ತಗಡಿನ ಡಬ್ಬಿ ಕಟ್ಟಿತ್ತು. ಅದನ್ನು ತೊಟ್ಟಿಯಲ್ಲಿ ಅದ್ದಿ, ಎರಡಾಳೆತ್ತರದಲ್ಲಿ ಗೋಡೆಗೆ ತೂಗುಹಾಕಿದ ನೀಲಿ ಕುಂಡಗಳಿಗೆ ಒಂದೊಂದಾಗಿ, ಒಂದು ಹನಿಯೂ ಪಕ್ಕಕ್ಕೆ ಚೆಲ್ಲದಂತೆ ನೀರು ಹನಿಸಿದರು. ಎಷ್ಟು ಕುಂಡಗಳೆಂದು ಕೈಸನ್ನೆಯಲ್ಲಿ ಕೇಳಿದೆ. ಅವರು ಎರಡೂ ಕೈಗಳ ಬೆರಳುಗಳನ್ನು ಬಿಡಿಸಿ ಮಡಿಸಿ, ಬಿಡಿಸಿ ಮಡಿಸಿ, ಕೊನೆಗೆ ಲೆಕ್ಕ ಬಿಟ್ಟು ನಕ್ಕರು. ಪರದೇಶದ ಹಬ್ಬದಲ್ಲಿ ನಾನು ಅತಿಥಿಯಾಗಿದ್ದೇನೆ ಎಂದು ನನಗೆ ಅನಿಸಿದ್ದು ಅಲ್ಲಿ.

ವಾರದ ಕೊನೆಯಲ್ಲಿ ಸಾನ್ ಬಸೀಲಿಯೊ ಕೇರಿಯಲ್ಲಿ ಸಾಲು ತುಂಬ ಉದ್ದ. ವಾರದ ನಡುವೆ ಹೋಗಿ, ಸಾಂತಾ ಮರೀನಾ, ಸಾನ್ ಲೊರೆನ್ಸೊ ಕೇರಿಗಳ ಕಡೆ ನಡೆಯಿರಿ. ಬೇರೆ ತಿಂಗಳಲ್ಲಿ ಹೋದವರಿಗೆ ವಿಯಾನಾ ಅರಮನೆಯ ಹನ್ನೆರಡು ಅಂಗಳಗಳಿವೆ.

ಇಲ್ಲಿನ ಒಂದೇ ದೊಡ್ಡ ದೋಷ ಬಿಸಿಲು. ಕಾರ್ಡೊಬಾ ಪ್ರಾಂತ್ಯದ ಲಾ ರಾಂಬ್ಲಾ ಎಂಬಲ್ಲಿ 2021ರ ಆಗಸ್ಟ್‌ನಲ್ಲಿ 47.6 ಡಿಗ್ರಿ ದಾಖಲಾಗಿತ್ತು. ಕಲಬುರಗಿ, ರಾಯಚೂರಿನ ಮೇ ತಿಂಗಳನ್ನು ಕಂಡವರಿಗೆ ಇದರ ಅರ್ಥ ಗೊತ್ತು. ಜೂನ್ ನಡುವಿನಿಂದ ಸೆಪ್ಟೆಂಬರ್ ಮೊದಲ ವಾರದವರೆಗೆ ಮಕ್ಕಳನ್ನು, ಹಿರಿಯರನ್ನು ಕರೆದುಕೊಂಡು ಇಲ್ಲಿಗೂ ಸೆವಿಲ್ಲೆಗೂ ಹೋಗಲೇಬೇಡಿ.

ಗ್ರನಾಡಾ: ಗುಡ್ಡ, ನೀರು ಮತ್ತು ಟಿಕೆಟ್

ಅಲ್ಹಂಬ್ರಾದ ಬಗ್ಗೆ ಎರಡು ಮಾತಿಲ್ಲ. ಆಂಡಲೂಸಿಯಾದಲ್ಲಿ ಒಂದೇ ಕಟ್ಟಡ ನೋಡುವುದಾದರೆ ಇದನ್ನೇ ನೋಡಬೇಕು. 1238ರಲ್ಲಿ ಶುರುವಾದ, ನಸ್ರಿದ್ ಎಂಬ ಮುಸ್ಲಿಮ್ ಮನೆತನದ ಅರಸರ ಈ ಗುಡ್ಡದ ಕೋಟೆಗೆ ದಾರೊ ನದಿಯಿಂದ ಕಾಲುವೆ ಮಾಡಿ ನೀರು ತಂದರು. ಕಾರಂಜಿಗಳು, ಹನ್ನೆರಡು ಸಿಂಹಗಳು ಹೊತ್ತ ಕೊಳಗ, ಹೆನೆರಾಲಿಫೆ ತೋಟ ಎಲ್ಲಕ್ಕೂ ಆ ನೀರೇ ಜೀವ. ಗೋಡೆಯ ಗಾರೆಯಲ್ಲಿ “ಅಲ್ಲಾಹನಲ್ಲದೆ ಬೇರೆ ವಿಜಯಿ ಇಲ್ಲ” ಎಂಬ ಸಾಲು ಮತ್ತೆ ಮತ್ತೆ ಬರುತ್ತದೆ. ಹದಿನೈದನೆಯ ಶತಮಾನದ ಕೊನೆಯಲ್ಲಿ ಸೋತು ಹೋದವರ ಮನೆಯಲ್ಲಿ ಅದನ್ನು ಓದುವಾಗ ಮನಸ್ಸು ಭಾರವಾಗುತ್ತದೆ. ಅವರನ್ನು ಸೋಲಿಸಿದ ಕ್ರೈಸ್ತ ರಾಣಿ ಇಸಬೆಲ್, ಆಕೆಯ ಗಂಡ ಫರ್ನಾಂಡೊ (ಹಿಂದೆ ಹೇಳಿದ ಮೂರನೆಯ ಫರ್ನಾಂಡೊ ಅಲ್ಲ) ಮಲಗಿರುವುದೂ ಇದೇ ಊರಿನ ರಾಜಮಂದಿರದಲ್ಲಿ.

ಆದರೆ ಇಲ್ಲಿ ಬಾಗಿಲು ತೆರೆಯುವುದು ಮುಂಗಡ ಟಿಕೆಟ್ಟಿಗೆ ಮಾತ್ರ. ನಸ್ರಿದ್ ಅರಮನೆಗಳಿಗೆ ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇದೆ. ವಸಂತಕಾಲದಲ್ಲಿ ಟಿಕೆಟ್‌ಗಳು ವಾರಗಟ್ಟಲೆ ಮುಂಚೆ ಮುಗಿಯುತ್ತವೆ. ಟಿಕೆಟ್ಟಿನಲ್ಲಿ ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಒಳಹೋಗುವ ಗಂಟೆ ಇರುತ್ತದೆ. ಮೊದಲ ಸಲ ಹೋದಾಗ ಅಲ್ಲಿಗೆ ಹೋಗಿ ಕೊಂಡರಾಯಿತು ಎಂದುಕೊಂಡು, ಕೋಟೆಯ ಹೊರಗಿನ ಮರಗಳ ಕೆಳಗೆ ಕೂತು ಬಂದವಳು ನಾನು. ಅರಮನೆಯ ಟಿಕೆಟ್ ಸಿಗದಿದ್ದರೂ ತೋಟ ಮತ್ತು ಕೋಟೆಗೆ ಮಾತ್ರ ಬೇರೆ ಟಿಕೆಟ್ ಇದೆ ಎಂಬುದು ಆಗ ತಿಳಿದಿರಲಿಲ್ಲ.

ಊರು ಎರಡು ಗುಡ್ಡಗಳ ಮೇಲಿದೆ. ಅಲ್ಬೈಸಿನ್ ಕೇರಿಯ ಓಣಿಗಳು ಏರುಪೇರು, ಕಾಲಡಿಗೆ ಉರುಟು ಕಲ್ಲು. ಚಿಕ್ಕ ಬಸ್‌ಗಳು ಮೇಲಿನವರೆಗೂ ಹೋಗುತ್ತವೆ, ಆದರೂ ಮಂಡಿನೋವಿನವರಿಗೆ ಮೂರರಲ್ಲಿ ಕಷ್ಟದ ಊರು ಇದೇ. ಅಲ್ಹಂಬ್ರಾ ಒಂದಕ್ಕೇ ಮೂರು ಗಂಟೆ ನಡೆಯಬೇಕು. ಎತ್ತರದಲ್ಲಿರುವ ಕಾರಣ ಬೇಸಿಗೆಯ ರಾತ್ರಿಗಳು ಮಾತ್ರ ಉಳಿದೆರಡಕ್ಕಿಂತ ತಂಪು. ಜುಲೈಯಲ್ಲೇ ಹೋಗಬೇಕಾಗಿ ಬಂದರೆ ಗ್ರನಾಡಾವನ್ನೇ ಆರಿಸಿ. ಜೂನ್ ಜುಲೈಯಲ್ಲಿ ನಡೆಯುವ ಸಂಗೀತ ನೃತ್ಯೋತ್ಸವದ ಕಛೇರಿಗಳು ಅಲ್ಹಂಬ್ರಾದ ಅಂಗಳಗಳಲ್ಲೇ ಆಗುತ್ತವೆ. ಪವಿತ್ರ ವಾರದ ಬುಧವಾರ ರಾತ್ರಿ ಸಾಕ್ರೊಮೊಂತೆ ಗುಡ್ಡದ ದಾರಿಯಲ್ಲಿ ಬೆಂಕಿ ಹಾಕಿ, ಹಿತಾನೊ (ಸ್ಪೇನಿನ ರೋಮಾ) ಜನ ತಮ್ಮ ಕ್ರಿಸ್ತನನ್ನು ಹಾಡಿ ಬರಮಾಡಿಕೊಳ್ಳುತ್ತಾರೆ. ಅವರ ಪೂರ್ವಜರು ಶತಮಾನಗಳ ಹಿಂದೆ ಭಾರತದಿಂದ ಹೊರಟವರು. ಗುಹೆಮನೆಗಳಲ್ಲಿ ಅವರ ಫ್ಲಮೆಂಕೊ ನೋಡುವಾಗ ಪಾದದ ಲೆಕ್ಕ, ಕೈಯ ಮುದ್ರೆ ಕಣ್ಣಿಗೆ ಪರಕೀಯ ಅನಿಸುವುದಿಲ್ಲ.

ತಟ್ಟೆಯಲ್ಲಿ ಏನಿದೆ?

ಊಟದಲ್ಲಿ ನನ್ನ ಮತ ಕಾರ್ಡೊಬಾಕ್ಕೆ. ಬದನೆಕಾಯಿಯನ್ನು ತೆಳ್ಳಗೆ ಹೆಚ್ಚಿ, ಹಿಟ್ಟಿನಲ್ಲಿ ಹೊರಳಿಸಿ ಗರಿಗರಿಯಾಗಿ ಕರಿದು, ಮೇಲೆ ಕಬ್ಬಿನ ಪಾಕ ಹನಿಸಿ ಕೊಡುತ್ತಾರೆ. ಕಪ್ಪು ಬಣ್ಣ, ಹರಿಯುವ ದಪ್ಪ, ಕೊನೆಗೆ ನಾಲಗೆಗೆ ತಾಗುವ ಸಣ್ಣ ಕಹಿ, ಎಲ್ಲವೂ ನಮ್ಮ ಜೋನಿ ಬೆಲ್ಲದ್ದೇ. ಬದನೆಯನ್ನೂ ಕಬ್ಬನ್ನೂ ಈ ನೆಲಕ್ಕೆ ತಂದವರು ಅರಬರು. ಸ್ಪ್ಯಾನಿಷಿನ ‘ಅಸೂಕರ್’ಗೂ ನಮ್ಮ ‘ಸಕ್ಕರೆ’ಗೂ ಮೂಲ ಒಂದೇ, ಸಂಸ್ಕೃತದ ಶರ್ಕರಾ. ಟೊಮೆಟೊ, ಬ್ರೆಡ್, ಆಲಿವ್ ಎಣ್ಣೆ, ಬೆಳ್ಳುಳ್ಳಿ ರುಬ್ಬಿದ ಸಾಲ್ಮೊರೇಹೊ ಎಂಬ ತಣ್ಣನೆಯ ಗಟ್ಟಿ ಸಾರು ಕೂಡ ಈ ಊರಿನದೇ, ಆದರೆ ಮೇಲೆ ಮೊಟ್ಟೆ, ಹಂದಿಮಾಂಸದ ಚೂರು ಉದುರಿಸುತ್ತಾರೆ. “ಸಿನ್ ಹಮೋನ್” (ಹಂದಿಮಾಂಸ ಬೇಡ) ಎಂಬ ಎರಡು ಪದ ಕಲಿತುಕೊಳ್ಳಿ. ಸೆವಿಲ್ಲೆಯಲ್ಲಿ ಜೀರಿಗೆ ಹಾಕಿದ ಪಾಲಕ್ ಕಡಲೆ ಪಲ್ಯ ಕೇಳಿ ತಿನ್ನಿ. ಗ್ರನಾಡಾದಲ್ಲಿ ಒಂದು ಪಾನೀಯ ಕೊಂಡರೆ, ಅದು ಮದ್ಯವಲ್ಲದಿದ್ದರೂ, ಸಣ್ಣ ತಟ್ಟೆ ತಿಂಡಿ ಪುಕ್ಕಟೆ ಬರುತ್ತದೆ. ಜೇಬು ಹಗುರವಾಗಿರುವ ವಿದ್ಯಾರ್ಥಿಗಳಿಗೆ ಇದು ದೊಡ್ಡ ವರ, ಆದರೆ ಬರುವುದು ಹೆಚ್ಚಾಗಿ ಮಾಂಸ, ಮೀನು, ಆದ್ದರಿಂದ ಮೊದಲೇ ಹೇಳಬೇಕು. ಅಲ್ಲಿನ ಕಾಲ್ದೆರೆರಿಯಾ ಬೀದಿಯ ಮೊರೊಕ್ಕೊ ಶೈಲಿಯ ಚಹಾ ಅಂಗಡಿಗಳು ಸಸ್ಯಾಹಾರಿಗಳಿಗೆ ಆಸರೆ. ಮೂರೂ ಕಡೆ ಒಂದು ಎಚ್ಚರಿಕೆ: ಮಂತೆಕಾದೊ, ಪೊಲ್ವೊರೋನ್ ಎಂಬ ಸಿಹಿಗಳನ್ನು ಮಾಡುವುದು ಹಂದಿಯ ಕೊಬ್ಬಿನಲ್ಲಿ. ರಾತ್ರಿ ಅಡುಗೆಮನೆ ತೆರೆಯುವುದು ಎಂಟೂವರೆಯ ಮೇಲೆ. ಮಕ್ಕಳಿದ್ದರೆ ಚೀಲದಲ್ಲಿ ಏನಾದರೂ ಇರಲಿ.

ಯಾರಿಗೆ ಯಾವುದು?

ಹಿರಿಯರು, ಮಕ್ಕಳು, ಸಸ್ಯಾಹಾರ, ಮೇ ತಿಂಗಳ ಶಾಲಾ ರಜೆ: ಕಾರ್ಡೊಬಾದಲ್ಲಿ ಮೂರು ರಾತ್ರಿ, ಕೊನೆಯದು ಸೆವಿಲ್ಲೆಯಲ್ಲಿ. ನಮ್ಮ ಬೇಸಿಗೆ ರಜೆಗೂ ಪಾತಿಯೊ ಹಬ್ಬಕ್ಕೂ ಚೆನ್ನಾಗಿ ಹೊಂದುತ್ತದೆ.

ಹಬ್ಬದ ಜನಸಾಗರವೇ ಬೇಕು, ರಾತ್ರಿಯಿಡೀ ನಿಲ್ಲಬಲ್ಲೆವು ಎನ್ನುವವರಿಗೆ ಪವಿತ್ರ ವಾರದ ಸೆವಿಲ್ಲೆ. ಈಸ್ಟರ್ 2027ರಲ್ಲಿ ಮಾರ್ಚ್ 28, 2028ರಲ್ಲಿ ಏಪ್ರಿಲ್ 16. ಕೋಣೆ ಆರು ತಿಂಗಳು ಮುಂಚೆಯೇ ಹಿಡಿಯಿರಿ. ಖರ್ಚು ತಾಳದಿದ್ದರೆ ಕಾರ್ಡೊಬಾದಲ್ಲಿ ತಂಗಿ ರೈಲಿನಲ್ಲಿ ಹೋಗಿ ಬರಬಹುದು, ಆದರೆ ಆಗ ಮದ್ರುಗಾ ಕೈತಪ್ಪುತ್ತದೆ.

ವಾಸ್ತುಶಿಲ್ಪಕ್ಕಾಗಿಯೇ ಹೋಗುವವರು, ನಡೆಯಲು ಅಂಜದವರು, ಯುರೋಪಿನಲ್ಲಿ ಓದುತ್ತಿದ್ದು ಕಡಿಮೆ ಹಣದಲ್ಲಿ ಬರುವವರು ಗ್ರನಾಡಾಕ್ಕೆ ಹೋಗಿ. ಅಕ್ಟೋಬರ್, ನವೆಂಬರ್ ಒಳ್ಳೆಯದು. ಕಾರ್ಡೊಬಾಕ್ಕೆ ವೇಗದ ರೈಲಿನಲ್ಲಿ ಒಂದೂವರೆ ಗಂಟೆಯ ಆಸುಪಾಸು, ಒಂದು ಹಗಲು ಅಲ್ಲಿಗೆ ಮೀಸಲಿಡಿ. ಮುಖ್ಯ ಸ್ಮಾರಕಗಳ ಟಿಕೆಟ್ ಮೂರೂ ಕಡೆ ಹೆಚ್ಚುಕಡಿಮೆ 10ರಿಂದ 20 ಯೂರೊ ಆಸುಪಾಸಿನಲ್ಲೇ ಇರುವುದರಿಂದ, ಖರ್ಚಿನ ವ್ಯತ್ಯಾಸ ಬರುವುದು ಕೋಣೆ ಮತ್ತು ಊಟದಲ್ಲಿ.

ಗ್ರನಾಡಾ ಪಟ್ಟಿಯಲ್ಲಿದ್ದರೆ ಕೆಲಸದ ಕ್ರಮ ಇದು: ವೀಸಾ ಕೈಸೇರುವ ಸಮಯದ ಅಂದಾಜು ಇಟ್ಟುಕೊಂಡು ಮೊದಲು ಅಲ್ಹಂಬ್ರಾದಲ್ಲಿ ಯಾವ ದಿನ ಖಾಲಿ ಇದೆ ನೋಡಿ, ಆ ದಿನದ ಸುತ್ತ ರೈಲು, ಆಮೇಲೆ ಕೋಣೆ. ಟಿಕೆಟ್ ಕೊಳ್ಳುವಾಗ ಮನೆಮಂದಿಯೆಲ್ಲರ ಹೆಸರನ್ನು ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ನಮೂದಿಸಿ. ಗುಡ್ಡ ಹತ್ತುವ ದಿನ ಪಾಸ್‌ಪೋರ್ಟನ್ನು ಹೋಟೆಲಿನಲ್ಲಿ ಮರೆತು ಹೋಗಬೇಡಿ.